ಪಡಸಾಲೆಯಲ್ಲೇ ಆಫೀಸು: ಟೇಬಲ್ ಎಲ್ಲಿಡಬೇಕು, ಎಷ್ಟೆತ್ತರ ಇರಬೇಕು?

ಹೊಳಲು: ಹಡಗಲಿ ತಾಲ್ಲೂಕಿನ ಹೊಳಲು ಅಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಅನಂತಶಯನ. ಮಲಗಿಕೊಂಡೇ ಲೋಕದ ಕೆಲಸ ನಡೆಸುವುದು ಆ ದೇವರಿಗೆ ಒಪ್ಪುತ್ತದೆ. ಮಂಚದ ಮೇಲೆ ಬೋರಲು ಬಿದ್ದು, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಂಟು ತಾಸು ದುಡಿಯುವ ಹುಡುಗರಿಗೆ ಒಪ್ಪುವುದಿಲ್ಲ. ಕುತ್ತಿಗೆ ಹಿಡಿಯುತ್ತದೆ, ಕಣ್ಣು ಉರಿಯುತ್ತದೆ. ದಿಂಬು ಗಾಳಿಕಿಂಡಿ ಮುಚ್ಚುವುದರಿಂದ ಲ್ಯಾಪ್‌ಟಾಪ್ ಕೂಡ ಕಾದ ಹಂಚಿನಂತಾಗುತ್ತದೆ.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾದಾಗ ಊರಿಗೆ ಬಂದವರಲ್ಲಿ ಹೆಚ್ಚಿನವರು ವಾಪಸ್ ಹೋದರು. ಆದರೂ ಮನೆಯಿಂದಲೇ ಕೆಲಸ ಮಾಡುವ ರೂಢಿ ಪೂರ್ತಿ ಹೋಗಿಲ್ಲ. ಇದು ಸಾಫ್ಟ್‌ವೇರಿನವರ ಮಾತಷ್ಟೇ ಅಲ್ಲ. ವಿಮಾ ಏಜೆಂಟರು, ಟ್ಯೂಷನ್ ಹೇಳುವವರು, ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಲೆಕ್ಕ ಬರೆಯುವ ವ್ಯಾಪಾರಸ್ಥರು ಎಲ್ಲರಿಗೂ ಒಂದು ಮೂಲೆ ಬೇಕು. ಬೆಂಗಳೂರಿನ ಬಾಡಿಗೆ ಉಳಿಸಿ ಅಪ್ಪ-ಅವ್ವನ ಜತೆ ಇರೋಣ ಅಂತ ಬಂದವನು ಬೆನ್ನುನೋವು ತಾಳದೆ ಮತ್ತೆ ಬಸ್ ಹತ್ತಿದರೆ ಅದು ಇಡೀ ಮನೆಗೆ ನಷ್ಟ. ಇಷ್ಟಾದರೂ ಬಹಳ ಜನ ಮೊದಲು ಟೇಬಲ್ ಕೊಳ್ಳುತ್ತಾರೆ, ಆಮೇಲೆ ಜಾಗ ಹುಡುಕುತ್ತಾರೆ. ಆಗಬೇಕಾದ್ದು ಉಲ್ಟಾ.

ಜಾಗ ನಿರ್ಧರಿಸುವುದು ಬೆಳಕು. ಕಿಟಕಿ ಎದುರಿಗಿದ್ದರೆ ಹೊರಗಿನ ಬಿಸಿಲು ಕಣ್ಣು ಕುಕ್ಕುತ್ತದೆ. ಬೆನ್ನಿಗಿದ್ದರೆ ಅದೇ ಬೆಳಕು ಪರದೆಯ ಮೇಲೆ ಹೊಳೆದು ಅಕ್ಷರ ಕಾಣುವುದಿಲ್ಲ, ವಿಡಿಯೊ ಕಾಲ್‌ನಲ್ಲಿ ಮುಖವೂ ಕಪ್ಪಾಗುತ್ತದೆ. ಆದ್ದರಿಂದ ಕಿಟಕಿ ಪಕ್ಕಕ್ಕೆ ಬರಬೇಕು. ಬಲಗೈಯಲ್ಲಿ ಬರೆಯುವವರಿಗೆ ಎಡಪಕ್ಕ ಇದ್ದರೆ ಕೈಯ ನೆರಳು ಹಾಳೆಯ ಮೇಲೆ ಬೀಳುವುದಿಲ್ಲ.

ವಾಸ್ತು ಕೇಳುವವರು ಇಲ್ಲಿ ಜಗಳ ಆಡಬೇಕಾಗಿಲ್ಲ. ಪೂರ್ವಕ್ಕೆ ಮುಖ ಮಾಡಿ ಕೂತರೆ ಎಡಕ್ಕೆ ಉತ್ತರ ಬರುತ್ತದೆ. ಉತ್ತರದ ಕಿಟಕಿಯ ಬೆಳಕು ದಿನವೆಲ್ಲ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಶಾಸ್ತ್ರವೂ ಆಯ್ತು, ಕಣ್ಣಿಗೂ ತಂಪು. ನಮ್ಮ ಭಾಗ ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ. ಆ ದಿನಗಳಲ್ಲಿ ಬೆಳಗ್ಗೆ, ಸಂಜೆ ಉತ್ತರದ ಕಿಟಕಿಗೂ ಓರೆ ಬಿಸಿಲು ಬರುತ್ತದೆ. ಒಂದು ಪರದೆ ಸಾಕು. ತಪ್ಪಿಸಬೇಕಾದ್ದು ಪಶ್ಚಿಮದ ಗೋಡೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂತವರಿಗೆ ಫ್ಯಾನ್ ಕೂಡ ಬಿಸಿಗಾಳಿಯನ್ನೇ ಬೀಸುತ್ತದೆ.

ಇದೆಲ್ಲ ಹೊಸ ಆರ್‌ಸಿಸಿ ಮನೆಗಳ ಲೆಕ್ಕ. ಹಳೇ ಓಣಿಗಳ ಮಾಳಿಗೆ ಮನೆಗಳಲ್ಲಿ ಎರಡೂ ಪಕ್ಕದ ಗೋಡೆ ನೆರೆಯವರ ಜತೆ ಹಂಚಿಕೆ, ಕಿಟಕಿ ಎಲ್ಲಿಂದ ಬರಬೇಕು? ಬೆಳಕು ಬರುವುದು ಮುಂಬಾಗಿಲಿನಿಂದ, ಹಿತ್ತಲಿನಿಂದ, ಮಾಳಿಗೆಯ ಗವಾಕ್ಷಿಯಿಂದ. ಗವಾಕ್ಷಿಯ ನೇರ ಕೆಳಗೆ ಟೇಬಲ್ ಹಾಕುವುದು ತಪ್ಪು. ನಡುಹಗಲು ಪರದೆ ಹೊಳೆಯುತ್ತದೆ, ಮಳೆಗಾಲದಲ್ಲಿ ಮುಚ್ಚಲು ಮರೆತರೆ ಲ್ಯಾಪ್‌ಟಾಪಿಗೇ ಜಳಕ. ಒಂದು ಅಂಕಣ ಆಚೆ ಸರಿದು, ಬೆಳಕು ಮಗ್ಗುಲಿನಿಂದ ಬೀಳುವಂತೆ ಕೂರುವುದು ಒಳ್ಳೆಯದು. ಟೇಬಲ್ ನಾಲ್ಕಡಿ ಉದ್ದ, ಎರಡಡಿ ಅಗಲ ಇದ್ದರೆ ಕಂಬಗಳ ನಡುವೆ ಕೂತು ಓಡಾಡಲೂ ದಾರಿ ಬಿಡುತ್ತದೆ. ಕೊಳ್ಳುವ ಮುಂಚೆ ಬಾಗಿಲಿನ ಅಳತೆ ಹಿಡಿಯುವುದನ್ನು ಮರೆಯಬಾರದು. ದಾವಣಗೆರೆಯಿಂದ ಗಾಡಿ ಬಾಡಿಗೆ ಕೊಟ್ಟು ತಂದ ಟೇಬಲ್ ಹೊಸ್ತಿಲಲ್ಲೇ ನಿಂತರೆ ಅದಕ್ಕಿಂತ ಫಜೀತಿ ಇಲ್ಲ. ಪಡಸಾಲೆಯಲ್ಲಿ ಮೆಕ್ಕೆಜೋಳದ ಚೀಲ ಪೇರಿಸುವ ಮೂಲೆಯನ್ನೂ ಬಿಡಬೇಕು. ಸುಗ್ಗಿ ಬಂದಾಗ ಟೇಬಲ್ಲೇ ಜಾಗ ಖಾಲಿ ಮಾಡಬೇಕಾಗುತ್ತದೆ, ಚೀಲದ ಧೂಳು ಬೇರೆ.

ಇನ್ನು ಎತ್ತರ. ಹೆಚ್ಚಿನ ತೊಂದರೆ ಹುಟ್ಟುವುದು ಇಲ್ಲೇ.

ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಟೇಬಲ್ ಸಾಮಾನ್ಯವಾಗಿ 29–30 ಇಂಚು ಎತ್ತರ ಇರುತ್ತದೆ. ಅದು ಯಾರ ಮೈಗೂ ಅಳತೆ ಹಿಡಿದು ಮಾಡಿದ್ದಲ್ಲ. ಸರಿಯಾದ ಅಳತೆ ಮನೆಯಲ್ಲೇ ಸಿಗುತ್ತದೆ: ಕುರ್ಚಿಯಲ್ಲಿ ಪಾದ ಪೂರ್ತಿ ನೆಲಕ್ಕೂರಿ ಕೂರಬೇಕು, ತೋಳು ಕೆಳಗೆ ಬಿಟ್ಟು ಮೊಣಕೈ ಮಡಚಬೇಕು, ನೆಲದಿಂದ ಮೊಣಕೈವರೆಗೆ ಟೇಪ್ ಹಿಡಿಯಬೇಕು. ಐದಡಿ ಎರಡಿಂಚಿನ ಹೆಣ್ಣುಮಗಳಿಗೆ ಇದು 24–25 ಇಂಚಿನ ಸುಮಾರು ಬರುತ್ತದೆ. ಐದಡಿ ಹತ್ತಿಂಚಿನ ಗಂಡಸಿಗೂ 27ರ ಆಸುಪಾಸು. ಅಂದರೆ ಅಂಗಡಿಯ ಟೇಬಲ್ ಬಹುತೇಕ ಎಲ್ಲರಿಗೂ ಎತ್ತರವೇ. ಹೆಗಲು ಮೇಲೆತ್ತಿಕೊಂಡೇ ಟೈಪ್ ಮಾಡಿ ಸಂಜೆ ಹೊತ್ತಿಗೆ ಕುತ್ತಿಗೆ ಬಿಗಿಯುವುದಕ್ಕೆ ಕಾರಣ ಇದು.

ಊರಲ್ಲಿ ಬಡಿಗೇರರು ಇರುವಾಗ ಆ ಅಳತೆಯನ್ನೇ ಕೊಟ್ಟು ಮಾಡಿಸುವುದು ಜಾಣತನ. ಆಗಲೇ ಟೇಬಲ್ ತಂದಿದ್ದರೆ, ಕಟ್ಟಿಗೆಯದಾದರೆ ಕಾಲು ಕೊಯ್ಯಿಸಬಹುದು. ಒಮ್ಮೆಗೇ ಪೂರ್ತಿ ಬೇಡ, ಒಂದೊಂದಿಂಚು ಕೊಯ್ಯಿಸಿ ಕೂತು ನೋಡಬೇಕು. ಕಬ್ಬಿಣದ್ದಾದರೆ ಕುರ್ಚಿಯನ್ನೇ ಮೇಲೇರಿಸಿ, ತೂಗಾಡುವ ಕಾಲಿನ ಕೆಳಗೆ ಊಟದ ಮಣೆ ಇಟ್ಟುಕೊಳ್ಳಬೇಕು. ಮಣೆ ಸಾಲದಿದ್ದರೆ ಎರಡು ಇಟ್ಟಿಗೆ, ಮೇಲೊಂದು ಹಲಗೆ. ಟೇಬಲ್ಲಿನ ನಟ್ಟನಡುವೆ ಡ್ರಾಯರ್ ಬೇಡ ಎಂದು ಮೊದಲೇ ಹೇಳಬೇಕು, ತೊಡೆಗೆ ತಾಗುತ್ತದೆ. ಬಲಗಡೆ ಒಂದು ಇದ್ದರೆ ಸಾಕು.

ಪರದೆಯ ಎತ್ತರ ಬೇರೆ ಮಾತು. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಅಂಟಿಕೊಂಡಿರುವುದರಿಂದ ಕೈಗೆ ಸರಿಹೋದರೆ ಕುತ್ತಿಗೆ ಬಗ್ಗುತ್ತದೆ, ಕುತ್ತಿಗೆಗೆ ಸರಿಹೋದರೆ ಕೈ ನೋಯುತ್ತದೆ. ಹಿಂದೆ ದಲ್ಲಾಳಿ ಅಂಗಡಿಗಳ ಗಾದಿಯ ಮೇಲೆ ಗುಮಾಸ್ತರು ಕಿರ್ದಿ-ಖತಾವಣಿ ಬರೆಯುತ್ತಿದ್ದ ಗಿಡ್ಡ ಡೆಸ್ಕನ್ನು ನೆನಪಿಸಿಕೊಂಡರೆ ಉಪಾಯ ಹೊಳೆಯುತ್ತದೆ. ಅದರ ಹಲಗೆ ಸಪಾಟಲ್ಲ, ಇಳಿಜಾರು. ಪುಸ್ತಕವೇ ಕಣ್ಣಿನ ಕಡೆಗೆ ಎದ್ದು ಬರುತ್ತಿತ್ತು, ತಲೆ ಅಷ್ಟಾಗಿ ಬಗ್ಗುತ್ತಿರಲಿಲ್ಲ. ಈಗ ಆನ್‌ಲೈನಿನಲ್ಲಿ ಮಾರುವ ಲ್ಯಾಪ್‌ಟಾಪ್ ಸ್ಟ್ಯಾಂಡ್ ಮಾಡುವುದೂ ಇದೇ ಕೆಲಸ. ಅದಿಲ್ಲದಿದ್ದರೆ ನಾಲ್ಕು ಹಳೇ ಲೆಕ್ಕದ ಪುಸ್ತಕ ಪೇರಿಸಿ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಮತ್ತು ಮೌಸ್ ಜೋಡಿಸಿದರಾಯಿತು. ಪರದೆ ಒಂದು ತೋಳಿನಷ್ಟು ದೂರ ಇರಬೇಕು. ದೊಡ್ಡ ಟೇಬಲ್ಲಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಈ ಕೀಬೋರ್ಡಿಗೆ.

ಕುರ್ಚಿ ವಿಚಾರದಲ್ಲಿ ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಎಂಟು ತಾಸಿಗೆ ಆಗಿಬರುವುದಿಲ್ಲ. ಕೂರುವ ಜಾಗ ಹಿಂದಕ್ಕೆ ಇಳಿದಿರುತ್ತದೆ, ಕೈಗಳು ಟೇಬಲ್ಲಿಗೆ ತಾಗುತ್ತವೆ. ಸದ್ಯಕ್ಕೆ ಬೇರೆ ಇಲ್ಲ ಅಂದರೆ ಸೊಂಟದ ಹಿಂದೆ ಸಣ್ಣ ಲೋಡು ಇಟ್ಟು, ಮುಕ್ಕಾಲು ತಾಸಿಗೊಮ್ಮೆ ಎದ್ದು ಹಿತ್ತಲಿಗೆ ಹೋಗಿ ಬರಬೇಕು.

ಅಂಗಡಿಯವರ ಟೇಬಲ್ಲಿಗೆ ಕೆಲಸ ರಾತ್ರಿ. ತಿಂಗಳ ಲೆಕ್ಕ ಕೊಡುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಗಡುವು. ಹಿಂದಿನ ರಾತ್ರಿ ಹನ್ನೊಂದರವರೆಗೆ ಬಿಲ್ ತಾಳೆ ನೋಡುವುದು ಗೊತ್ತಿದ್ದದ್ದೇ. ಟ್ಯೂಬ್‌ಲೈಟ್ ಬೆನ್ನ ಹಿಂದಿದ್ದರೆ ತಲೆಯ ನೆರಳು ಬಿಲ್ಲಿನ ಮೇಲೆ ಬಿದ್ದು 3 ಮತ್ತು 8 ಒಂದೇ ಥರ ಕಾಣುತ್ತವೆ. ಎಡಗಡೆಗೊಂದು ಟೇಬಲ್ ಲ್ಯಾಂಪ್ ಬೇಕು. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕಪತ್ರ ಕಾಪಾಡಬೇಕು ಎಂಬುದು ಕಾನೂನು. ಅಂದರೆ ಆರು ವರ್ಷದ ಕಾಗದ! ಅಷ್ಟನ್ನು ಮಣ್ಣಿನ ಗೋಡೆಗೆ ಒತ್ತಿ ನೆಲದ ಮೇಲಿಟ್ಟರೆ ಗೆದ್ದಲಿಗೆ ಹಬ್ಬ. ಗೋಡೆಯಿಂದ ನಾಲ್ಕಿಂಚು ದೂರ, ನೆಲದಿಂದ ಎತ್ತರಕ್ಕೆ ಕಬ್ಬಿಣದ ರ‍್ಯಾಕ್ ಇಡಬೇಕು. ಈ ತಿಂಗಳ ಫೈಲ್ ಮಾತ್ರ ಕೂತಲ್ಲೇ ಕೈಗೆಟುಕಿದರೆ ಸಾಕು.

ಕರೆಂಟ್ ಹೋದಾಗ ಏನು? ಲ್ಯಾಪ್‌ಟಾಪ್ 60, ರೂಟರ್ 10, ಎಲ್‌ಇಡಿ ಟ್ಯೂಬ್ 20, ಮಾಮೂಲಿ ಫ್ಯಾನ್ 70 ವ್ಯಾಟ್, ಒಟ್ಟು 160. 150 ಎಎಚ್‌ನ ಒಳ್ಳೆ ಬ್ಯಾಟರಿ ಇದನ್ನು ಐದಾರು ತಾಸು ಎಳೆಯುತ್ತದೆ. ಟೇಬಲ್ ಹತ್ತಿರದ ಪ್ಲಗ್ ಇನ್ವರ್ಟರ್ ಲೈನಿನದ್ದೇ ಆಗಿರಲಿ ಎಂದು ವೈರಿಂಗ್‌ನವರಿಗೆ ಮೊದಲೇ ಹೇಳಬೇಕು. ವೈರನ್ನು ಚಾಪೆ ಕೆಳಗೆ ಎಳೆಯಬಾರದು, ತುಳಿದು ಸವೆಯುತ್ತದೆ. ದಪ್ಪ ಮಣ್ಣಿನ ಗೋಡೆ ಸಿಗ್ನಲ್ ನುಂಗುವುದರಿಂದ ರೂಟರ್ ಟೇಬಲ್ ಇರುವ ಕೋಣೆಯಲ್ಲೇ, ಎತ್ತರಕ್ಕೆ ಇರಬೇಕು.

ಇಷ್ಟೆಲ್ಲ ಜೋಡಿಸಿದ ಮೇಲೂ ಉಳಿಯುವುದು ಮನೆಗೆ ಬರುವವರು. "ಮನ್ಯಾಗ ಕುಂತಾನ, ಡ್ಯೂಟಿ ಇಲ್ಲೇನು?" ಅಂತ ಪಕ್ಕದ ಮನೆಯ ಕಾಕಾ ಕೇಳಿದಾಗ ಆ ಕಡೆ ಮೀಟಿಂಗ್ ನಡೆದಿರುತ್ತದೆ. ಬಾಗಿಲಿಗೆ ಬೆನ್ನು ಮಾಡಿ ಕೂತರೆ ಯಾರು ಬಂದರೆಂದು ತಿಳಿಯದು, ಪರದೆಯೂ ಎಲ್ಲರಿಗೆ ಕಾಣುತ್ತದೆ. ಬಾಗಿಲು ಪಕ್ಕಕ್ಕೆ ಕಾಣುವಂತೆ ಟೇಬಲ್ ತಿರುಗಿಸಿ, ಕಂಬದಿಂದ ಕಂಬಕ್ಕೆ ಒಂದು ಪರದೆ ಬಟ್ಟೆ ಕಟ್ಟಿದರೆ ಅರ್ಧ ಕಾಟ ತಪ್ಪುತ್ತದೆ. ಕಿವಿಗೆ ಹೆಡ್‌ಫೋನ್ ಇದ್ದಾಗ ಸಿಲಿಂಡರ್ ತರಲು ಕರೆಯಬಾರದು ಎಂದು ಮನೆಯಲ್ಲಿ ಒಂದು ಕರಾರು ಮಾಡಿಕೊಂಡರೆ ಉಳಿದರ್ಧ.

ದೀಪಾವಳಿಯ ಲಕ್ಷ್ಮೀಪೂಜೆಗೆ ಈಗ ಲೆಕ್ಕದ ಪುಸ್ತಕದ ಜತೆ ಲ್ಯಾಪ್‌ಟಾಪಿಗೂ ಕುಂಕುಮ ಬೀಳುತ್ತದೆ. ಮುಚ್ಚಿಟ್ಟು ಮುಚ್ಚಳದ ಮೇಲೆ ಹಚ್ಚಿದರೆ ಅಡ್ಡಿಯಿಲ್ಲ. ತೆರೆದಿಟ್ಟಾಗ ಅಕ್ಷತೆ ಕೀಲಿಗಳ ಸಂದಿಗೆ ಹೋದರೆ ತೆಗೆಸಲು ರಿಪೇರಿ ಅಂಗಡಿಗೇ ಹೋಗಬೇಕು.