ಖಾಲಿ ತೋಟೆ: ಯಾವುದು ಮತ್ತೆ ತುಂಬೋಕೆ ಬರುತ್ತೆ, ಯಾವುದು ಗುಜರಿಗೆ

ಹಿಂಜೆವಾಡಿ, ವಾಕಡ್ ಕಡೆ ಇರೋ ನಮ್ಮವರಲ್ಲಿ ಕೊಡಗಿನವರು, ಮಲೆನಾಡಿನವರು ಸಾಕಷ್ಟಿದ್ದಾರೆ. ಕೇಪಿನ ಕೋವಿ, ತೋಟೆ ಕೋವಿ ಅವರಿಗೆ ಹೊಸದಲ್ಲ. ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದವರು, ಅಲ್ಲಿನ ರೇಂಜ್‌ಗಳಲ್ಲಿ ಜನ ಖಾಲಿ ತೋಟೆ ಆರಿಸಿ ಡಬ್ಬಿಗೆ ಹಾಕಿಕೊಳ್ಳೋದನ್ನ ನೋಡಿರ್ತೀರಿ. ಮನೆಯಲ್ಲಿ ಮತ್ತೆ ಮದ್ದು, ಗುಂಡು ತುಂಬೋಕೆ. ಆದ್ರೆ ಆರಿಸಿದ್ದೆಲ್ಲ ಬರಲ್ಲ.

ಯಾಕೆ ಅಂದ್ರೆ, ತೋಟೆ ಬರೀ ಡಬ್ಬಿ ಅಲ್ಲ, ಅದೊಂದು ವಾಷರ್. ಗುಂಡು ಹಾರುವಾಗ ಹಿತ್ತಾಳೆ ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಬರದ ಹಾಗೆ ತಡೆಯುತ್ತೆ, ಆಮೇಲೆ ಸ್ವಲ್ಪ ಕುಗ್ಗುತ್ತೆ. ಕಾರಿನ ಟೈರಿಗೆ 32 ಪಿ.ಎಸ್.ಐ. ಹಾಕಿಸ್ತೀವಲ್ಲ, .308 ರೈಫಲ್ ತೋಟೆಯೊಳಗೆ ಅದು ಸುಮಾರು 62,000ದವರೆಗೆ ಹೋಗುತ್ತೆ. ನಿಮ್ಮ ಕಣ್ಣಿಗೂ ಆ ಅನಿಲಕ್ಕೂ ನಡುವೆ ಇರೋದು ಈ ಹಿತ್ತಾಳೆ.

ಮೊದಲು ತಳ ನೋಡಿ. ನಡುವೆ ದುಂಡನೆಯ ಕೇಪು ಕಾಣಿಸದಿದ್ರೆ ಅದು ರಿಮ್‌ಫೈರ್. ಸಿಡಿಯುವ ಮದ್ದು ಅಂಚಿನ ಮಡಿಕೆಯೊಳಗೇ ಇರುತ್ತೆ, ಸೂಜಿ ಹೊಡೆದು ಆ ಅಂಚು ನಜ್ಜಾಗಿರುತ್ತೆ. 2024ರಲ್ಲಿ ಪ್ಯಾರಿಸ್‌ನಲ್ಲಿ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದರಲ್ಲ, ಆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸೋದು ಇಂಥ .22 ತೋಟೆ. ಒಂದು ಸಲ ಹೊಡೆದರೆ ಮುಗೀತು.

ಕೇಪು ಇದ್ರೆ, ಬಾಯಿಂದ ಒಳಗೆ ಟಾರ್ಚ್ ಬಿಟ್ಟು ನೋಡಿ. ನಡುಮಧ್ಯೆ ಒಂದೇ ತೂತಿದ್ರೆ ಬಾಕ್ಸರ್ ಮಾದರಿ. ಸಣ್ಣ ಕಡ್ಡಿಯಿಂದ ಹಳೇ ಕೇಪು ತಳ್ಳಿ ತೆಗೀಬಹುದು. ನಡುವೆ ತೂತಿಲ್ಲದೆ ಪಕ್ಕದಲ್ಲಿ ಎರಡು ಪುಟ್ಟ ತೂತಿದ್ರೆ ಬರ್ಡನ್. ಅದರ ಕೇಪು ತೆಗೆಯೋದು ತಲೆನೋವು, ಹೊಸ ಕೇಪು ಸಿಗೋದೂ ಕಷ್ಟ, ಹೆಚ್ಚಿನವರು ಬಿಟ್ಟೇಬಿಡ್ತಾರೆ. ತಮಾಷೆ ಏನಂದ್ರೆ, ಬರ್ಡನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು. ಅಮೆರಿಕ ಹಿಡಿದಿದ್ದು ಬಾಕ್ಸರ್‌ನ ದಾರಿ, ಯುರೋಪಿನ ಸೈನ್ಯಗಳು ಹಿಡಿದಿದ್ದು ಬರ್ಡನ್‌ನ ದಾರಿ.

ನಮ್ಮ ಪುಣೆಯ ಖಡ್ಕಿಯ ಆಮ್ಯುನಿಷನ್ ಫ್ಯಾಕ್ಟರಿ 1869ರದ್ದು. ಇಂಗ್ಲಿಷರ ಬಾಯಲ್ಲಿ ಖಡ್ಕಿ ಕಿರ್ಕೀ ಆಗಿತ್ತು, ಹಾಗಾಗಿ ಅಲ್ಲಿನ ಹಳೇ .303 ತೋಟೆಗಳ ತಳದಲ್ಲಿ ಕೆ, ಎಫ್ ಅನ್ನೋ ಅಕ್ಷರಗಳಿವೆ. ಅವು ಬರ್ಡನ್. ಸಾಲದ್ದಕ್ಕೆ, ಹಳೇ ಕಾಲದ ಕೇಪಿನಲ್ಲಿ ಪಾದರಸ ಇದ್ದರೆ ಅದು ಹಿತ್ತಾಳೆಗೆ ಸೇರಿ ಪೆಡಸು ಮಾಡುತ್ತೆ. ನೋಡೋಕೆ ಚೆಂದ, ತುಂಬೋಕಲ್ಲ.

ಅಯಸ್ಕಾಂತ ಹಿಡಿಯೋದೂ ಮರೀಬೇಡಿ. ಅಂಟಿಕೊಂಡರೆ ಕಬ್ಬಿಣ, ಮೇಲೆ ತಾಮ್ರದ ಬಣ್ಣ ಇದ್ದರೂ ಅಷ್ಟೇ. ಪಕ್ಕಕ್ಕಿಡಿ.

ಇಷ್ಟು ಪಾಸಾದ ಮೇಲೆ ಅಸಲಿ ಪರೀಕ್ಷೆ. ಕುತ್ತಿಗೆಯಲ್ಲಿ ಸೀಳು ಕಂಡರೆ ಬಿಸಾಕಿ. ಅಪಾಯದ್ದು ಇನ್ನೊಂದು: ತಳದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ. ಅಲ್ಲಿ ಹಿತ್ತಾಳೆ ಎಳೆದು ಎಳೆದು ತೆಳುವಾಗಿದೆ ಅಂತ ಗುಮಾನಿ. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಸ್ವಲ್ಪ ಬಗ್ಗಿಸಿ, ಒಳಗೋಡೆ ಮೇಲೆ ಕೆಳಗಿಂದ ಮೇಲಕ್ಕೆ ಎಳೀರಿ. ಆ ಜಾಗದಲ್ಲಿ ತಗ್ಗಿಗೆ ಸಿಕ್ಕಿಕೊಂಡ ಹಾಗಾದ್ರೆ ಮುಂದಿನ ಸಲ ತೋಟೆ ಎರಡು ತುಂಡಾಗಬಹುದು. .303 ರೈಫಲ್‌ಗಳ ಚೇಂಬರ್ ಸಡಿಲ, ಕೆಸರು ಮಣ್ಣಿನಲ್ಲೂ ಓಡಲಿ ಅಂತ, ಆದ್ದರಿಂದ ಅದರ ತೋಟೆಗಳಿಗೆ ಈ ಕಾಯಿಲೆ ಜಾಸ್ತಿ. ಗೀರು ಉದ್ದಕ್ಕೆ ಇದ್ದು ಉಗುರಿಗೆ ಸಿಗದಿದ್ರೆ ಹೆದರಬೇಡಿ, ರೈಫಲ್‌ನ ಒಳಗಡೆ ಉಜ್ಜಿದ್ದು. ಕುತ್ತಿಗೆ ಹತ್ತಿರ ನೀಲಿ-ಕಂದು ಕಲೆ ಇದ್ರೂ ಒಳ್ಳೇದೇ, ಕಾರ್ಖಾನೆಯಲ್ಲಿ ಬಿಸಿ ಮಾಡಿ ಮೆತ್ತಗೆ ಮಾಡಿದ ಗುರುತು. ಹೊಸಬರು ಬಿಸಾಕೋದು ಇದನ್ನೇ! ಹೊಸ ಕೇಪು ಬೆರಳಿನ ಒತ್ತಡಕ್ಕೇ ಕೂತುಬಿಟ್ಟರೆ ಮಾತ್ರ ಆ ತೋಟೆಯ ತಳ ಹಿಗ್ಗಿದೆ, ಅದರ ಆಯಸ್ಸು ಮುಗಿದಿದೆ.

ತೊಳೆಯೋ ವಿಷಯ. ತೋಟೆಯ ಹಿತ್ತಾಳೆಯಲ್ಲಿ ನೂರಕ್ಕೆ 70 ತಾಮ್ರ, 30 ಸತು. ಬ್ರಿಟಿಷರ ಕಾಲದಲ್ಲಿ ಇಂಡಿಯಾದಲ್ಲಿ ಮಳೆಗಾಲದಲ್ಲಿ ಕುದುರೆ ಲಾಯಗಳ ಹತ್ತಿರ ಇಟ್ಟ ತೋಟೆಗಳು ಹೊಡೆಯದೇನೇ ಸೀಳುತ್ತಿದ್ದವು. ಕಾರಣ ಕುದುರೆ ಗಂಜಲದ ಅಮೋನಿಯ ಅಂತ 1921ರಲ್ಲಿ ವಿವರಣೆ ಸಿಕ್ಕಿತು. ದೀಪದ ಕಂಬಕ್ಕೆ ಹಚ್ಚೋ ಬ್ರಾಸ್ಸೋದಲ್ಲೂ ಅಮೋನಿಯ ಇದೆ, ಆದ್ದರಿಂದ ತೋಟೆಗೆ ಅದು ಬೇಡ.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆ ತೋಟೆಯ ಬಿಡಿಭಾಗಗಳನ್ನೂ ಮದ್ದುಗುಂಡಿನ ವ್ಯಾಖ್ಯೆಯಲ್ಲೇ ಸೇರಿಸುತ್ತೆ, ತಯಾರಿಕೆಗೆ 5ನೇ ಸೆಕ್ಷನ್ ಪ್ರಕಾರ ಬೇರೆ ಲೈಸೆನ್ಸ್ ಬೇಕು. ಕೊಡವರಿಗೂ ಜಮ್ಮಾ ಭೂಮಿ ಇರೋರಿಗೂ ಇರುವ ರಿಯಾಯಿತಿ ಕೋವಿ ಇಟ್ಟುಕೊಳ್ಳೋದಕ್ಕೆ, ಮನೆಯಲ್ಲಿ ತೋಟೆ ಮಾಡೋದಕ್ಕಲ್ಲ. ಅಮೆರಿಕದಿಂದ ನೆನಪಿಗೆ ಅಂತ ತಂದ ಒಂದು ಖಾಲಿ ತೋಟೆ ಲ್ಯಾಪ್‌ಟಾಪ್ ಬ್ಯಾಗಿನ ಮೂಲೆಯಲ್ಲಿ ಉಳಿದಿದ್ರೆ, ಲೋಹಗಾಂವ್ ಏರ್‌ಪೋರ್ಟಿಗೆ ಹೊರಡೋ ಮುಂಚೆ ಬ್ಯಾಗು ಪೂರ್ತಿ ಕೊಡವಿ ನೋಡಿ.