ಬಾಗುವ ಗೆರೆಯ ಗರಗಸ

ಗರಗಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನೇರವಾದ ಗೆರೆ. ದಿಮ್ಮಿಯನ್ನು ಸೀಳಿ ಹಲಗೆ ಮಾಡುವ ದೊಡ್ಡ ಗರಗಸವಾಗಲಿ, ಬಡಗಿಯ ಚೀಲದಲ್ಲಿರುವ ಕೈಗರಗಸವಾಗಲಿ, ಎಳೆದ ಗೆರೆಯನ್ನು ಬಿಟ್ಟು ಅತ್ತಿತ್ತ ಹೊರಳಲಾರದು. ಅದರ ಅಗಲವಾದ ಅಲಗೇ ಅದನ್ನು ನೇರ ದಾರಿಗೆ ಕಟ್ಟಿಹಾಕಿದೆ. ಆದರೆ ಮನುಷ್ಯನ ಕಣ್ಣು ನೇರ ಗೆರೆಯಿಂದಷ್ಟೇ ತಣಿಯುವಂಥದಲ್ಲ. ಬಳ್ಳಿಯ ಸುರುಳಿ, ಮಾವಿನಕಾಯಿಯ ಓರೆ, ನವಿಲಿನ ಕೊರಳು, ಇವುಗಳನ್ನು ಮರದಲ್ಲಿ ಕಾಣಬೇಕೆಂಬ ಆಸೆ ಹುಟ್ಟಿದಾಗ ಅವನು ಅಲಗನ್ನು ದಾರದಷ್ಟು ಸಣ್ಣದು ಮಾಡಿ, ಬಿಲ್ಲಿನಂಥ ಚೌಕಟ್ಟಿನ ಎರಡು ತುದಿಗೆ ಬಿಗಿದ. ಇಂಗ್ಲಿಷರು ಇದನ್ನು ಫ್ರೆಟ್ ಸಾ ಎಂದು ಕರೆದರು. ಅದೇ ಸಣ್ಣ ಅಲಗನ್ನು ಮೋಟಾರಿನಿಂದ ಮೇಲಕ್ಕೂ ಕೆಳಕ್ಕೂ ಆಡಿಸುವ ಮೇಜಿನ ಯಂತ್ರಕ್ಕೆ ಸ್ಕ್ರೋಲ್ ಸಾ ಎಂದು ಹೆಸರಾಯಿತು. ಎರಡನ್ನೂ ಸೇರಿಸಿ ನಾವು ಬಿಲ್ಲುಗರಗಸವೆಂದು ಕರೆದರೆ ತಪ್ಪಾಗದು.

ಕಪಿಲೆಯ ದಡದ ನಂಜನಗೂಡು, ಅದೇ ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಜನರಿಗೆ ಬಾಗಿದ ಗೆರೆಯ ಚೆಲುವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ನಂಜುಂಡೇಶ್ವರನ ದೊಡ್ಡ ಜಾತ್ರೆಯಲ್ಲಿ ಹೊರಡುವ ಐದು ತೇರುಗಳ ಮರಗೆಲಸವನ್ನು ಅವರು ಎಳೆಯ ವಯಸ್ಸಿನಿಂದ ನೋಡಿದವರು. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ ಹೊಯ್ಸಳರು ೧೩ನೆಯ ಶತಮಾನದಲ್ಲಿ ಕಟ್ಟಿಸಿದ ಕೇಶವ ದೇವಾಲಯವಿದೆ. ೨೦೨೩ರಲ್ಲಿ ಯುನೆಸ್ಕೊ ಸಂಸ್ಥೆ ಅದನ್ನು ಬೇಲೂರು, ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಗೆ ಹೋದವರೆಲ್ಲರೂ ಹೊರಗೋಡೆಯ ವಿಗ್ರಹಗಳನ್ನು ನೋಡುತ್ತಾರೆ. ಮಂಟಪದ ಜಾಲಂಧ್ರಗಳ ಮುಂದೆ ನಿಲ್ಲುವವರು ಕಡಮೆ. ಕಲ್ಲಿನ ಫಲಕವನ್ನು ಅಲ್ಲಲ್ಲಿ ಆಚೆಯವರೆಗೂ ಕೊರೆದು, ಬೆಳಕು ಬರುವಂತೆ ಮಾಡಿದ ಕಿಟಕಿಗಳು ಅವು. ಅಲ್ಲಿ ಉಳಿದ ಕಲ್ಲು ಎಷ್ಟು ಮುಖ್ಯವೋ ತೆಗೆದುಹಾಕಿದ ಕಲ್ಲೂ ಅಷ್ಟೇ ಮುಖ್ಯ. ಉಳಿದ ಪ್ರತಿಯೊಂದು ತುಣುಕೂ ಯಾವುದಾದರೊಂದು ಕಡೆಯಲ್ಲಿ ಚೌಕಟ್ಟಿಗೆ ಅಂಟಿಕೊಂಡಿರಲೇಬೇಕು. ಇಲ್ಲವಾದರೆ ಅದು ಕಳಚಿ ಬೀಳುತ್ತದೆ. ಬಿಲ್ಲುಗರಗಸದ ವಿದ್ಯೆಯ ಮೊದಲನೆಯ ಪಾಠವೂ ಇದೇ.

ಮೈಸೂರಿನ ಬೀಟೆಯ ಕೆಲಸ

ಈ ಗರಗಸ ನಮ್ಮ ಸೀಮೆಗೆ ಬರಿಯ ಆಟದ ವಸ್ತುವಲ್ಲ. ಮೈಸೂರಿನ ಹೆಸರನ್ನು ಹೊರನಾಡುಗಳಿಗೆ ಒಯ್ದ ಇನ್‌ಲೇ ಕಲೆಯ ಜೀವವೇ ಇದರ ಅಲಗಿನಲ್ಲಿದೆ. ಕಪ್ಪು ನೇರಳೆಯ ಛಾಯೆಯ ಬೀಟೆಯ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬಣ್ಣದ ಮರದ ತೆಳುವಾದ ತುಣುಕುಗಳನ್ನು ಅದರಲ್ಲಿ ಕೂರಿಸಿ, ನುಣುಪು ಮಾಡಿ ಮೆರುಗು ಕೊಡುವ ಕೆಲಸ ಅದು. ಹಲಸು ಹಳದಿಯನ್ನು ಕೊಡುತ್ತದೆ. ಬೇರೆ ಬೇರೆ ಮರಗಳು ಬಿಳುಪು, ಕಂದು, ಕೆಂಪುಗಳನ್ನು ಕೊಡುತ್ತವೆ. ಒಂದು ಚಿತ್ರಕ್ಕೆ ಹತ್ತಾರು ತುಣುಕುಗಳು ಬೇಕು. ಪ್ರತಿಯೊಂದನ್ನೂ ಸಣ್ಣ ಗರಗಸದಿಂದ ಗೆರೆಯ ಮೇಲೆಯೇ ಕೊಯ್ಯಬೇಕು. ಕೊಯ್ತ ಕೂದಲೆಳೆಯಷ್ಟು ತಪ್ಪಿದರೂ ತುಣುಕಿನ ಸುತ್ತ ಸಂದು ಕಾಣಿಸುತ್ತದೆ.

೧೮೯೭ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ತುತ್ತಾದ ಮೇಲೆ ಕಟ್ಟಿದ, ೧೯೧೨ರಲ್ಲಿ ಮುಗಿದ ಇಂದಿನ ಅರಮನೆಯ ಅಂಬಾವಿಲಾಸದಲ್ಲಿ ದಂತವನ್ನು ಕೂರಿಸಿದ ಬೀಟೆಯ ಬಾಗಿಲನ್ನು ನೋಡಿದವರಿಗೆ ಈ ಕಲೆ ಮುಟ್ಟಿದ ಎತ್ತರ ತಿಳಿದೀತು. ೧೯೦೬ರಲ್ಲಿ ಅಸ್ತಿಭಾರ ಕಂಡ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರಗೆಲಸವೇ ಮೊದಲಾದ ಕಸುಬುಗಳಿಗೆ ಪಾಠಶಾಲೆಯಾಯಿತು. ಮಂಡಿ ಮೊಹಲ್ಲದ ಬೀದಿಗಳು ಇನ್‌ಲೇ ಕೆಲಸಗಾರರ ಬೀದಿಗಳೆಂದು ಹೆಸರಾದುವು.

ಕಾಲ ಬದಲಾಯಿತು. ಆನೆಯ ದಂತದ ವ್ಯಾಪಾರವನ್ನು ೧೯೮೬ರ ಕಾನೂನು ನಿಲ್ಲಿಸಿತು, ಅದು ಆಗಬೇಕಾದದ್ದೇ. ಬೀಟೆಯ ಮರವೂ ವಿರಳವಾಯಿತು. ೨೦೧೭ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಗೂ ಸೇರಿದೆ. ಮೈಸೂರು ಬೀಟೆಯ ಇನ್‌ಲೇ ಕೆಲಸಕ್ಕೆ ಭೌಗೋಳಿಕ ಸೂಚಿಯ ಮುದ್ರೆ ದೊರೆತಿರುವುದು ನಿಜ. ಆದರೆ ಮುದ್ರೆಯೊಂದೇ ಕಸುಬನ್ನು ಉಳಿಸಬಲ್ಲುದೆ? ಇಂದು ಲೇಸರ್ ಯಂತ್ರ ಕ್ಷಣಮಾತ್ರದಲ್ಲಿ ಬಳ್ಳಿಯನ್ನು ಕೊರೆಯುತ್ತದೆ. ಮರದ ಚಿತ್ರವನ್ನು ಕಾಗದದ ಮೇಲೆ ಅಚ್ಚು ಹಾಕಿ ಹಲಗೆಗೆ ಅಂಟಿಸಿದರೂ ದೂರದಿಂದ ನೋಡುವವನಿಗೆ ಅದು ಇನ್‌ಲೇಯೇ. ಕೊಳ್ಳುವವನ ಕಣ್ಣು ಎರಡನ್ನೂ ಒಂದೇ ಎಂದು ಬಗೆದರೆ, ಅವನು ಕೊಡುವ ಬೆಲೆಯೂ ಒಂದೇ ಆಗುತ್ತದೆ. ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಕುಳಿತವನ ಕೂಲಿ ಅಲ್ಲಿಗೆ ಮುಗಿಯಿತು. ಕಸುಬು ಸಾಯುವುದು ಮಾಡುವ ಕೈ ಇಲ್ಲದೆ ಮಾತ್ರವಲ್ಲ, ಗುರುತಿಸುವ ಕಣ್ಣಿಲ್ಲದೆಯೂ ಸಾಯುತ್ತದೆ.

ಬಿಲ್ಲುಗರಗಸದ ಹವ್ಯಾಸಕ್ಕೆ ಬೆಲೆ ಬರುವುದು ಇಲ್ಲಿಯೇ. ಶಾಲೆಯ ಉಪಾಧ್ಯಾಯರೋ ಕಛೇರಿಯ ಗುಮಾಸ್ತರೋ ಭಾನುವಾರ ಎರಡು ಗಂಟೆ ಮರ ಕೊಯ್ದು ಇನ್‌ಲೇ ಕಲಾವಿದರಾಗಿಬಿಡುತ್ತಾರೆಂದು ಯಾರೂ ಹೇಳಲಾರರು. ಆದರೆ ಒಂದು ಎಲೆಯ ಅಂಚನ್ನು ತಾವೇ ಕೊಯ್ದು ನೋಡಿದವರು ಇನ್ನೊಬ್ಬನ ಕೊಯ್ತದ ಮುಂದೆ ಸುಮ್ಮನೆ ಹಾದು ಹೋಗಲಾರರು. ಇಂಗ್ಲೆಂಡಿನಲ್ಲಿ ೧೯ನೆಯ ಶತಮಾನದ ಕೊನೆಗೆ ಈ ಹವ್ಯಾಸ ಮನೆಮನೆಗೆ ಹಬ್ಬಿತ್ತು. ನಾರ್ಫೋಕ್ ಪ್ರಾಂತದ ಡೀರಮ್ ಎಂಬ ಊರಿನ ಹಾಬೀಸ್ ಸಂಸ್ಥೆ ೧೮೯೫ರಲ್ಲಿ ಇದಕ್ಕೆಂದೇ ಪತ್ರಿಕೆ ಹೊರಡಿಸಿ, ಹೊಲಿಗೆಯ ಯಂತ್ರದಂತೆ ಕಾಲಿನಿಂದ ತುಳಿಯುವ ಗರಗಸಗಳನ್ನು ಮಾರುತ್ತಿತ್ತು. ಇಂಥ ಹವ್ಯಾಸಕ್ಕೆ ನಂಜನಗೂಡು ನರಸೀಪುರಗಳಂಥ ಊರುಗಳಲ್ಲಿ ನಡುಮನೆಯ ಮೂಲೆಯೊಂದಿದ್ದರೆ ಸಾಕು.

ಕೈಯದೋ, ಯಂತ್ರದ್ದೋ?

ಯಾವ ಗರಗಸವನ್ನು ಕೊಳ್ಳಬೇಕು? ಹೊಸಬರು ಮೊದಲು ಕೇಳುವ ಪ್ರಶ್ನೆ ಇದು. ನಮ್ಮ ಉತ್ತರ ಸಂಕ್ಷೇಪವಾದದ್ದು: ಮೊದಲು ಕೈಯದು, ಒಂದು ವರ್ಷದ ಮೇಲೂ ಆಸೆ ಉಳಿದಿದ್ದರೆ ಯಂತ್ರದ್ದು.

ಕೈಯ ಬಿಲ್ಲುಗರಗಸ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಕೊಳ್ಳುವಾಗ ಮೂರು ಅಂಶಗಳನ್ನು ನೋಡತಕ್ಕದ್ದು. ಅಲಗಿನಿಂದ ಚೌಕಟ್ಟಿನ ಬೆನ್ನಿಗೆ ಹತ್ತು ಹನ್ನೆರಡು ಅಂಗುಲ ಬಿಡುವಿರಬೇಕು. ಇಲ್ಲವಾದರೆ ಹಲಗೆಯ ನಡುವಿಗೆ ಅಲಗು ತಲಪದು. ಚೌಕಟ್ಟಿನ ಉಕ್ಕು ಕೈಯಲ್ಲಿ ಅದುಮಿದರೆ ಬಗ್ಗಿ, ಬಿಟ್ಟೊಡನೆ ಹಿಂದಕ್ಕೆ ಚಿಮ್ಮಬೇಕು. ಅಲಗನ್ನು ಬಿಗಿಯಾಗಿ ಹಿಡಿಯುವುದು ಆ ಚಿಮ್ಮುವ ಗುಣವೇ. ಅಲಗನ್ನು ಕಚ್ಚುವ ತಿರುಪುಗಳು ಜಾರಬಾರದು. ಬಿಗಿದ ಅಲಗನ್ನು ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ನಾದ ಬರಬೇಕು. ಮಂದವಾದ ಸದ್ದು ಬಂದರೆ ಅಲಗು ಸಡಿಲವೆಂದು ತಿಳಿಯಬೇಕು. ಈ ಗರಗಸದ ಚಿಕ್ಕ ತಮ್ಮನನ್ನು ನೋಡಬೇಕೆಂಬುವರು ತಮ್ಮ ಊರಿನ ಅಕ್ಕಸಾಲಿಗರ ಅಂಗಡಿಗೆ ಹೋಗಬಹುದು. ಲೋಹದ ತಗಡಿನಲ್ಲಿ ಬಳ್ಳಿ ಕೊಯ್ಯುವ ಅವರ ಗರಗಸದ ಕಟ್ಟೂ ಇದೇ ಬಗೆಯದು.

ಮೇಜಿನ ಅಂಚಿಗೆ ಹಕ್ಕಿಯ ತೆರೆದ ಕೊಕ್ಕಿನಂತೆ ಸೀಳಿದ ಒಂದು ಹಲಗೆಯನ್ನು ಬಿಗಿದು, ಅದರ ಮೇಲೆ ಕೆಲಸವನ್ನಿಡಬೇಕು. ಹಿಡಿಯು ಹಲಗೆಯ ಕೆಳಗಿರಬೇಕು. ಅಲಗಿನ ಹಲ್ಲುಗಳು ಕೆಳಮುಖವಾಗಿರಬೇಕು. ಕೆಳಕ್ಕೆ ಎಳೆದಾಗ ಕೊಯ್ಯುತ್ತದೆ, ಮೇಲಕ್ಕೆ ತಳ್ಳಿದಾಗ ಸುಮ್ಮನೆ ಬರುತ್ತದೆ. ತಿರುವು ಬಂದಾಗ ಗರಗಸವನ್ನು ತಿರುಚಬಾರದು. ಅಲಗನ್ನು ನಿಂತಲ್ಲೇ ಮೇಲೆ ಕೆಳಗೆ ಆಡಿಸುತ್ತ ಮರವನ್ನು ಮೆಲ್ಲಗೆ ತಿರುಗಿಸಬೇಕು. ಅವಸರಪಟ್ಟವನ ಅಲಗು ತುಂಡಾಗುತ್ತದೆ. ಹೊಸದರಲ್ಲಿ ದಿನಕ್ಕೆ ನಾಲ್ಕು ಅಲಗು ಮುರಿದರೂ ಎದೆಗುಂದಬೇಕಾಗಿಲ್ಲ. ಅವು ಡಜನ್ ಲೆಕ್ಕದಲ್ಲಿ ಮಾರುವ ಸಾಮಾನುಗಳೇ ಆಗಿವೆ.

ಯಂತ್ರದ ಗರಗಸಕ್ಕೆ ಹತ್ತು ಸಾವಿರ ರೂಪಾಯಿಗೂ ಹೆಚ್ಚಾದೀತು. ಆದುದರಿಂದ ಅಲ್ಲಿ ಎಚ್ಚರ ಹೆಚ್ಚು ಬೇಕು. ಅಂಗಡಿಯಲ್ಲಿ ಮೋಟಾರಿನ ಶಕ್ತಿಯ ಮಾತೇ ಮೊದಲು ಬರುತ್ತದೆ. ಈ ಕೆಲಸಕ್ಕೆ ಅದು ಕೊನೆಯ ಮಾತು. ಮೊದಲು ನೋಡಬೇಕಾದದ್ದು ನಡುಕ. ಯಂತ್ರವನ್ನು ಓಡಿಸಿ, ಅದರ ಮೇಜಿನ ಮೇಲೆ ಐದು ರೂಪಾಯಿಯ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ ನೋಡಬೇಕು. ನಿಂತರೆ ಒಳ್ಳೆಯದು, ಬಿದ್ದು ಉರುಳಿದರೆ ನಾಳೆ ನಿಮ್ಮ ಗೆರೆಯೂ ಹಾಗೆಯೇ ಉರುಳುತ್ತದೆ. ಎರಡನೆಯದು ವೇಗ. ನಿಮಿಷಕ್ಕೆ ೪೦೦ರಿಂದ ೧೬೦೦ ಸಲದವರೆಗೆ ಅಲಗಿನ ಆಟವನ್ನು ಹೆಚ್ಚು ಕಡಮೆ ಮಾಡುವ ಅನುಕೂಲವಿದ್ದರೆ ಮೆದು ಮರ, ಗಟ್ಟಿ ಮರ ಎರಡಕ್ಕೂ ಆದೀತು. ಮೂರನೆಯದು ಅಲಗಿನ ತುದಿ. ಕೆಲವು ಯಂತ್ರಗಳು ತುದಿಯಲ್ಲಿ ಅಡ್ಡಮೊಳೆಯಿರುವ ಅಲಗನ್ನು ಮಾತ್ರ ಹಿಡಿಯುತ್ತವೆ. ಒಳಗಿನ ಕಿಂಡಿಯನ್ನು ಕೊಯ್ಯಬೇಕಾದರೆ ಆ ಮೊಳೆ ತೂರುವಷ್ಟು ದೊಡ್ಡ ತೂತನ್ನೇ ಕೊರೆಯಬೇಕಾಗುತ್ತದೆ. ನಯವಾದ ಕೆಲಸಕ್ಕೆ ಅದು ಒಗ್ಗದು. ಮೊಳೆಯಿಲ್ಲದ ಐದು ಅಂಗುಲದ ಅಲಗನ್ನು ಹಿಡಿಯುವ ಯಂತ್ರವೇ ಲೇಸು. ಅಲಗಿನಿಂದ ಹಿಂಬದಿಗೆ ೧೬ ಅಂಗುಲ ಬಿಡುವಿದ್ದರೆ ಮನೆಯ ಕೆಲಸಕ್ಕೆ ಧಾರಾಳ.

ಓರೆಯಾಗುವ ಮೇಜು ಇನ್‌ಲೇಯ ಆಸೆಯುಳ್ಳವರಿಗೆ ಬೇಕು. ಎರಡು ಬಣ್ಣದ ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಮೇಜನ್ನು ಕೆಲವೇ ಡಿಗ್ರಿ ಓರೆ ಮಾಡಿ, ಒಂದೇ ಸಲಕ್ಕೆ ಕೊಯ್ದರೆ ಒಂದರ ತುಣುಕು ಇನ್ನೊಂದರ ಗುಳಿಯಲ್ಲಿ ಬಿರಡೆಯಂತೆ ಕುಳಿತುಕೊಳ್ಳುತ್ತದೆ. ಅಲಗು ತಿಂದುಹಾಕಿದ ಸಂದನ್ನು ಆ ಓರೆಯೇ ತುಂಬುತ್ತದೆ. ಇಷ್ಟೆಲ್ಲ ಇದ್ದರೂ, ಅಲಗುಗಳು ಮೈಸೂರಿನ ಪೇಟೆಯಲ್ಲಾದರೂ ದೊರೆಯದ ಯಂತ್ರವನ್ನು ಮನೆಗೆ ತರಬಾರದು. ಒಟ್ಟುಗೋಡೆಯ ಮನೆಗಳಲ್ಲಿ ರಾತ್ರಿಯ ಹೊತ್ತು ಅದರ ಸದ್ದು ನೆರೆಯವರ ಸ್ನೇಹಕ್ಕೆ ಕುತ್ತು ತಂದೀತೆಂಬುದನ್ನೂ ನೆನೆಯಬೇಕು.

ಮರ, ಅಲಗು, ಅಕ್ಷರ

ಅಲಗಿನ ಆಯ್ಕೆಗೆ ಒಂದು ಹಳೆಯ ಸೂತ್ರವಿದೆ: ಮರದ ದಪ್ಪದೊಳಗೆ ಯಾವಾಗಲೂ ಮೂರು ಹಲ್ಲುಗಳಾದರೂ ಇರಬೇಕು. ಅಲಗಿನ ಅಂಕಿ ಚಿಕ್ಕದಾದಷ್ಟೂ ಹಲ್ಲು ಸಣ್ಣ. ಮೂರು ಮಿಲಿಮೀಟರಿನ ಪ್ಲೈವುಡ್ಡಿಗೆ ೧ರಿಂದ ೩ನೆಯ ಅಂಕಿ, ಮುಕ್ಕಾಲು ಅಂಗುಲದ ಹಲಗೆಗೆ ೫ರಿಂದ ೭ನೆಯ ಅಂಕಿ ಸಾಕು. ಕಲಿಯುವವರು ಪ್ಲೈವುಡ್ಡಿನಿಂದ ಮೊದಲು ಮಾಡಿ ಸಿಲ್ವರ್ ಓಕ್, ಮಾವು, ಹಲಸುಗಳಿಗೆ ಬರಬಹುದು. ಬೀಟೆಯ ಆಸೆಯಾದರೆ ಪೀಠೋಪಕರಣದ ಅಂಗಡಿಯ ಚೂರುಪಾರುಗಳೇ ಸಾಕು. ಹವ್ಯಾಸಕ್ಕಾಗಿ ಒಂದು ಬೀಟೆಯ ಮರ ಉರುಳುವುದು ಸಲ್ಲದು. ಬೀಟೆಯ ಹುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗದು. ಯಾವ ಮರವಾದರೂ ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ ಇರತಕ್ಕದ್ದು.

ಅಭ್ಯಾಸಕ್ಕೆ ಕನ್ನಡದ ಅಕ್ಷರಮಾಲೆಗಿಂತ ಒಳ್ಳೆಯ ಪಾಠ ಬೇರೆಲ್ಲಿದೆ? ನಮ್ಮ ಲಿಪಿಯೇ ಬಾಗಿದ ಗೆರೆಗಳ ಮೇಳ. ಮೊದಲು 'ರ', ಆಮೇಲೆ 'ಗ', 'ನ'. ಕೈ ಪಳಗಿದ ಮೇಲೆ 'ಅ', 'ಞ'. ಒಳಗಿನ ಕಿಂಡಿಗಳನ್ನು ಮೊದಲು ಕೊಯ್ದು ಹೊರಗಿನ ಅಂಚನ್ನು ಕೊನೆಗೆ ಕೊಯ್ಯುವುದು ಕ್ರಮ. ಕೊನೆಯವರೆಗೂ ಹಿಡಿಯಲು ಮರವಿರುತ್ತದೆ. 'ಠ' ಬಂದಾಗ ಹೊಸಬರು ಬೆಚ್ಚಿಬೀಳುತ್ತಾರೆ. ಅದರ ನಡುವಿನ ಚುಕ್ಕೆ ಕಳಚಿ ನೆಲಕ್ಕೆ ಬೀಳುತ್ತದೆ! ಅದನ್ನು ಹಿಡಿದಿಡಲು ಒಂದು ಸಣ್ಣ ಸೇತುವೆಯನ್ನು ಬಿಡಬೇಕು. ಆ ಸೇತುವೆ ಅಕ್ಷರದ ಅಂದವನ್ನು ಕೆಡಿಸಲೂಬಾರದು. ಆಗ ಒಮ್ಮೆ ಸೋಮನಾಥಪುರಕ್ಕೆ ಹೋಗಿ ಜಾಲಂಧ್ರಗಳನ್ನು ನೋಡಿಬಂದರೆ, ಆ ಶಿಲ್ಪಿಗಳು ಇದೇ ತೊಡಕನ್ನು ಕಲ್ಲಿನಲ್ಲಿ ಬಿಡಿಸಿರುವುದು ಕಣ್ಣಿಗೆ ಬಿದ್ದೀತು.

ಇಷ್ಟಾದ ಮೇಲೆ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಕಾವೇರಿ ಎಂಪೋರಿಯಮ್ಮಿನಲ್ಲಿ ಒಂದು ಇನ್‌ಲೇ ಚಿತ್ರದ ಮುಂದೆ ನಿಂತು ನೋಡಬೇಕು. ತುಣುಕಿನಿಂದ ತುಣುಕಿಗೆ ಮರದ ಎಳೆಯ ದಿಕ್ಕು ಬದಲಾಗಿದೆಯೆ? ಅಂಚು ಸುಟ್ಟಂತೆ ಕಪ್ಪಾಗಿಲ್ಲವಷ್ಟೆ? ಒಂದೇ ಬಗೆಯ ಎರಡು ಎಲೆಗಳಲ್ಲಿ ಕೈ ಬಿಟ್ಟ ಸೂಕ್ಷ್ಮವಾದ ವ್ಯತ್ಯಾಸ ಇದೆಯೆ? ಇದ್ದರೆ, ಅದರ ಕೆಳಗೆ ಬರೆದಿರುವ ಬೆಲೆಯನ್ನು ಕಂಡು ಹುಬ್ಬೇರಿಸದೆ, ಚೌಕಾಸಿಯ ಮಾತನ್ನೆತ್ತದೆ ಕೊಳ್ಳುವ ಮನಸ್ಸು ತಾನಾಗಿಯೇ ಬರುತ್ತದೆ. ಕೆಲವು ನೂರು ರೂಪಾಯಿಯ ಗರಗಸ, ಹತ್ತಾರು ಮುರಿದ ಅಲಗು, ಒಂದು ವರ್ಷದ ಭಾನುವಾರಗಳು - ಇವಿಷ್ಟರಿಂದ ಅಂಥ ಒಬ್ಬ ಗಿರಾಕಿ ತಯಾರಾದರೂ, ಎಲ್ಲೋ ಕಿರುಕೋಣೆಯೊಂದರಲ್ಲಿ ದೀಪದ ಕೆಳಗೆ ಬಾಗಿ ಕುಳಿತಿರುವ ಕುಶಲಕರ್ಮಿಗೆ ಅದು ಸಣ್ಣ ಸಹಾಯವೇನೂ ಅಲ್ಲ.