ಕೆಳದವಡೆ ಮುಂದಿದ್ದರೆ ಕ್ಲಿಪ್: ದವಡೆ ಕೀಲಿಗೆ ತೊಂದರೆಯೇ?

ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ತುಸು ಮುಚ್ಚಬೇಕು. ಕೆಲವು ಮಕ್ಕಳಲ್ಲಿ ಇದು ಉಲ್ಟಾ, ಕೆಳಗಿನ ಸಾಲೇ ಮುಂದಿರುತ್ತದೆ. ಕ್ಲಿಪ್ ಹಾಕಿಸೋಣವೆಂದರೆ ದವಡೆಯ ಕೀಲು ಕೆಟ್ಟೀತೆಂಬ ಹೆದರಿಕೆ ಹಲವು ತಂದೆತಾಯಿಯರಿಗೆ.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲಿ ಸರಿದಾಡುವುದೇ ಆ ಕೀಲು. ಕೆಳದವಡೆಯ ತುದಿಗೂ ತಲೆಬುರುಡೆಗೂ ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ಅದು ಜಾಗ ತಪ್ಪಿದರೆ 'ಟಕ್' ಎನ್ನಬಹುದು. ಕ್ಲಿಪ್ಪನ್ನೇ ಕಾಣದವರಲ್ಲೂ ಈ ಸದ್ದು ಸಾಮಾನ್ಯ. ನೋವಿಲ್ಲದಿದ್ದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಡ.

ಕ್ಲಿಪ್ ಸರಿಸುವುದು ಹಲ್ಲನ್ನು, ದವಡೆಯನ್ನಲ್ಲ. ಕೀಲಿನತ್ತ ಒತ್ತುವುದು ಚಿನ್ ಕಪ್. ತಲೆಗೆ ಕಟ್ಟಿದ ಪಟ್ಟಿ ಗದ್ದವನ್ನು ಹಿಂದಕ್ಕೆಳೆಯುತ್ತದೆ. ಅದನ್ನು ಬಿಟ್ಟ ಮೇಲೆ ದವಡೆ ಮತ್ತೆ ಮುಂದೆ ಬೆಳೆಯುವುದೂ ಉಂಟು. ಫೇಸ್ ಮಾಸ್ಕ್ ಹಣೆ, ಗದ್ದಗಳ ಆಸರೆಯಲ್ಲಿ ಮೇಲ್ದವಡೆಯನ್ನು ಮುಂದಕ್ಕೆಳೆಯುತ್ತದೆ. ಇದು ಚೆನ್ನಾಗಿ ಫಲಿಸುವುದು ಸುಮಾರು 10 ವರ್ಷದೊಳಗೆ. 'ದೊಡ್ಡವನಾಗಲಿ, ನೋಡೋಣ' ಎಂದರೆ ಆ ಅವಕಾಶ ಕೈತಪ್ಪುತ್ತದೆ. ಬೆಳವಣಿಗೆ ನಿಂತ ಮೇಲೆ ದವಡೆ ಹೆಚ್ಚು ಮುಂದಿದ್ದರೆ ಕ್ಲಿಪ್ ಜೊತೆ ಆಪರೇಷನ್ನೇ ಬೇಕಾದೀತು.

ಹಲ್ಲು ಜೋಡಿಸುವ ಚಿಕಿತ್ಸೆ ಕೀಲಿನ ಕಾಯಿಲೆ ತರುತ್ತದೆಂದಾಗಲೀ, ತಡೆಯುತ್ತದೆಂದಾಗಲೀ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಕೀಲುನೋವು ಹೋಗಲೆಂದೇ ಕ್ಲಿಪ್ ಹಾಕಿಸಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬ ವೈದ್ಯರನ್ನೂ ಕೇಳಿ.

ಆದರೆ ಅಗಿಯುವಾಗ ನೋವು, ಬಾಯಿ ಸಿಕ್ಕಿಕೊಳ್ಳುವುದು, ದೊಡ್ಡವರಿಗೆ ಮೂರು ಬೆರಳು ಹಿಡಿಯುವಷ್ಟೂ ಬಾಯಿ ತೆರೆಯದಿರುವುದು ಇದ್ದರೆ ಮೊದಲು ಕೀಲಿಗೆ ಚಿಕಿತ್ಸೆ, ಆಮೇಲೆ ಕ್ಲಿಪ್. ಗಡಿಯ ಆಚೆಗಾದರೂ ಈಚೆಗಾದರೂ ಆಸ್ಪತ್ರೆಯಲ್ಲಿ 'ಆರ್ಥೊಡಾಂಟಿಸ್ಟ್' ಎಂದು ಕೇಳಿದರೆ ಸಾಕು, ಭಾಷೆ ಯಾವುದಾದರೂ ಹೆಸರು ಅದೇ.